ಹಂಚಿನ ಮೇಲೆ ಇಲ್ಲದ ಹೆಸರು

ಮೇ ತಿಂಗಳ ಕೊನೆಯ ವಾರ ಬಂತೆಂದರೆ ನಮ್ಮ ಮನೆಗೆ ಒಬ್ಬ ವೃದ್ಧರು ಬರುತ್ತಾರೆ. ಜೆಪ್ಪುವಿನ ಕಡೆಯವರು; ಹಂಚಿನ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕಿ ಫಿಟ್ಟರಾಗಿ ದುಡಿದವರು. ಕಾರ್ಖಾನೆ ಮುಚ್ಚಿ ಬಹಳ ಕಾಲವಾಯಿತು. ಮಳೆಗಾಲಕ್ಕೆ ಮುಂಚೆ, ಊರಿನಲ್ಲಿ ಇನ್ನೂ ಉಳಿದುಕೊಂಡಿರುವ ಕೆಲವು ಹಂಚಿನ ಮನೆಗಳ ಮಾಡನ್ನು ನೋಡಿಕೊಡುವುದು ಈಗ ಅವರ ಕೆಲಸ. ಏಣಿ ಹತ್ತುವವನು ಮೊಮ್ಮಗ. ಅಜ್ಜ ಅಂಗಳದಲ್ಲಿ ನಿಂತು ಎಲ್ಲಿ ಕೈಯಿಡಬೇಕು, ಎಲ್ಲಿ ಕಾಲಿಡಬಾರದು ಎಂದು ಹೇಳುತ್ತಾರೆ. ಒಂದೊಂದು ಹಂಚನ್ನೂ ಕೆಳಗೆ ತರಿಸಿ, ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳುತ್ತಾರೆ. ಕಂಚಿನಂತೆ ದನಿಗೊಟ್ಟರೆ ಅದು ಮತ್ತೆ ಮಾಡಿಗೆ. ಒಡಕು ದನಿ ಬಂದರೆ ತೆಂಗಿನ ಬುಡಕ್ಕೆ.

ಕಳೆದ ವರ್ಷ ಹೀಗೆ ಕೆಳಗಿಳಿದ ಹಂಚೊಂದನ್ನು ನಾನು ತೊಳೆದು ನೋಡಿದೆ. ಪಾಚಿ ಹೋದ ಮೇಲೆ ಅಡಿಮಗ್ಗುಲಲ್ಲಿ ಇಂಗ್ಲಿಷ್ ಅಕ್ಷರಗಳು ಮೂಡಿದವು. ಬಾಸೆಲ್ ಮಿಶನ್ನಿನ ಹಂಚಿನ ಕಾರ್ಖಾನೆ, ಮಂಗಳೂರು, 1865. ನೂರೈವತ್ತು ವರ್ಷ ದಾಟಿದ ಹಂಚು ನಮ್ಮ ತಲೆಯ ಮೇಲಿತ್ತೆಂದು ನಾನು ಹಿಗ್ಗಿದೆ. ಅಜ್ಜ ನಕ್ಕರು. ಮಾಷ್ಟ್ರೇ, ಅದು ಹಂಚು ಬೆಂದ ವರ್ಷವಲ್ಲ, ಕಾರ್ಖಾನೆ ಹುಟ್ಟಿದ ವರ್ಷ ಎಂದು ತಿದ್ದಿದರು. ಪಾಠ ಹೇಳುವವನಿಗೆ ಇಂಥ ತಿದ್ದುಪಡಿ ಆಗಾಗ ಬೇಕು.

ಹಂಚಿನ ಮೇಲೆ ಸಂಸ್ಥೆಯ ಹೆಸರಿದೆ, ಊರಿನ ಹೆಸರಿದೆ, ವರ್ಷವೂ ಇದೆ. ಆ ವರ್ಷಕ್ಕೆ ಕಾರಣರಾದವರ ಹೆಸರು ಇಲ್ಲ. ಅವರು ಜಾರ್ಜ್ ಪ್ಲೆಬ್ಸ್ಟ್. ಮಂಗಳೂರಿನ ಶಾಲಾಬಾಲಕರಿಗೂ ಈ ಹೆಸರು ಗೊತ್ತು. ಹಂಚನ್ನು ತಂದವರು ಎಂಬ ಒಂದು ವಾಕ್ಯದಲ್ಲಿ ಅವರ ಬಾಳು ಮುಗಿದುಹೋಗುತ್ತದೆ. ನನಗೆ ಆ ಒಂದು ವಾಕ್ಯ ಸಾಲದೆನಿಸಿದೆ. ಅವರ ಬಾಳಿನಲ್ಲಿ ಎರಡು ಇಸವಿಗಳಿವೆ, 1851 ಮತ್ತು 1865. ಇವೆರಡರ ನಡುವಣ ಹದಿನಾಲ್ಕು ವರ್ಷಗಳನ್ನು ಬಿಟ್ಟರೆ ಹಂಚಿನ ಕತೆ ಅರ್ಥವಾಗುವುದಿಲ್ಲ.

ಬಾಸೆಲ್ ಮಿಶನ್ನಿನ ಮೊದಲ ಪಾದ್ರಿಗಳು ಮಂಗಳೂರಿಗೆ ಬಂದುದು 1834ರಲ್ಲಿ. 1841ರಲ್ಲಿ ಬಲ್ಮಠದಲ್ಲಿ ಅವರ ಅಚ್ಚುಕೂಟ ಆರಂಭವಾಯಿತು. ಅದು ಕಲ್ಲಚ್ಚಿನ ಕಾಲ. ಜಿಡ್ಡಿನ ಮಸಿಯಲ್ಲಿ ಕೈಯಿಂದ ಬರೆದ ಬರಹವನ್ನು ನುಣುಪಾದ ಕಲ್ಲಿನ ಮೇಲಿಳಿಸಿ, ಕಲ್ಲಿಗೆ ನೀರು ಸವರಿ, ಮಸಿ ಹಚ್ಚಿ, ಹಾಳೆ ಒತ್ತಿ ತೆಗೆಯಬೇಕು. 1843ರ ಜುಲೈ 1ರಂದು ಹೆರ್ಮನ್ ಮೋಗ್ಲಿಂಗರು ಹೊರತಂದ ಮಂಗಳೂರ ಸಮಾಚಾರವು ಹೀಗೆಯೇ ಕಲ್ಲಿನಿಂದ ಎದ್ದು ಬಂದುದು. ದಾಸರ ಪದಗಳೂ ಜೈಮಿನಿಯೂ ಓಲೆಯ ಗರಿಗಳಿಂದ ಕಾಗದಕ್ಕೆ ಬಂದುದೂ ಆ ಕಲ್ಲುಗಳ ಮೂಲಕ. ಕನ್ನಡ ಸಾಹಿತ್ಯದ ಅಧ್ಯಾಪಕರು ಮೋಗ್ಲಿಂಗರನ್ನು ನೆನೆಯುತ್ತೇವೆ, ವೈಗಲರನ್ನು ನೆನೆಯುತ್ತೇವೆ, ಕಿಟೆಲರಿಗಂತೂ ಕೈಮುಗಿಯುತ್ತೇವೆ. ಕಲ್ಲನ್ನು ಉಜ್ಜಿ ಮತ್ತೆ ನುಣುಪು ಮಾಡಿಟ್ಟ ಕೈಗಳ ವಿಚಾರ ನಮ್ಮ ಸಾಹಿತ್ಯ ಚರಿತ್ರೆಯಲ್ಲಿ ಬರುವುದಿಲ್ಲ.

ಕಲ್ಲಚ್ಚಿಗೆ ಒಂದು ಮಿತಿಯಿದೆ. ಒಂದು ಪುಟವನ್ನು ಕಲ್ಲಿನಿಂದ ಅಳಿಸಿದರೆ ಮುಗಿಯಿತು. ಮತ್ತೆ ಬೇಕೆಂದರೆ ಮತ್ತೆ ಬರೆಯಬೇಕು. ಪುಸ್ತಕಗಳ ಬೇಡಿಕೆ ಏರಿದಂತೆ ಮೊಳೆಯಚ್ಚು ಅನಿವಾರ್ಯವಾಯಿತು. ಆ ಕೆಲಸಕ್ಕೆಂದೇ 1851ರಲ್ಲಿ ಪ್ಲೆಬ್ಸ್ಟರು ಮಂಗಳೂರಿಗೆ ಬಂದರು. ಅವರು ವ್ಯಾಕರಣವನ್ನು ಬರೆಯಲು ಬಂದವರಲ್ಲ, ಯಂತ್ರವನ್ನು ಬಲ್ಲವರು. ಕಬ್ಬಿಣ, ಸೀಸ, ತಿರುಪು, ಮಸಿ ಇವೇ ಅವರ ಪರಿಭಾಷೆ. ಅದೇ ವರ್ಷ ಮಂಗಳೂರಿಗೆ ಬಂದ ಇನ್ನೊಬ್ಬರು ನೇಯ್ಗೆ ಬಲ್ಲ ಹಾಲರ್. ಖಾಕಿ ಬಣ್ಣದ ಮಾತು ಬಂದಾಗಲೆಲ್ಲ ಈ ಊರಿನವರು ಅವರನ್ನು ಸ್ಮರಿಸುತ್ತಾರೆ. ಪಂಡಿತರ ಹಿಂದೆ ಕುಶಲಕರ್ಮಿಗಳೂ ಹಡಗು ಹತ್ತಿದ ಆ ವರ್ಷ ನಮ್ಮ ಊರಿನ ಇತಿಹಾಸದಲ್ಲಿ ಒಂದು ತಿರುವು.

ಕನ್ನಡಕ್ಕೆ ಮೊಳೆ ಜೋಡಿಸುವುದೆಂದರೆ ಏನೆಂದು ಇಂದಿನ ವಿದ್ಯಾರ್ಥಿಗಳಿಗೆ ತಿಳಿಯಹೇಳುವುದು ಕಷ್ಟ. ರೋಮನ್ ಲಿಪಿಯಲ್ಲಿ ಅಕ್ಷರದ ಪಕ್ಕಕ್ಕೆ ಅಕ್ಷರ ನಿಂತರೆ ಸಾಲಾಯಿತು. ನಮ್ಮ ಲಿಪಿಯಲ್ಲಿ ಗುಣಿತ ತಲೆಯ ಮೇಲೆ ಬಾಗುತ್ತದೆ, ಒತ್ತು ಕಾಲಡಿಗೆ ಇಳಿಯುತ್ತದೆ, ದೀರ್ಘ ಪಕ್ಕಕ್ಕೆ ಚಾಚುತ್ತದೆ. ಇವಕ್ಕೆಲ್ಲ ಬೇರೆಬೇರೆ ಮೊಳೆಗಳು. ಪೆಟ್ಟಿಗೆಯಲ್ಲಿ ಹಲವು ನೂರು ಗೂಡುಗಳು. ಅಕ್ಷರದ ದೇಹದಿಂದ ಹೊರಚಾಚಿದ ಸಣ್ಣ ಕೊಂಡಿಗಳು ಒತ್ತುಯಂತ್ರದ ಭಾರಕ್ಕೆ ಮುರಿಯುತ್ತವೆ. ಮೊಳೆಯ ಲೋಹ ಸೀಸ, ತವರ, ಆಂಟಿಮನಿಗಳ ಮಿಶ್ರಣ. ಸೀಸ ಹೆಚ್ಚಾದರೆ ಮೊಳೆ ಬೇಗ ಸವೆಯುತ್ತದೆ, ಆಂಟಿಮನಿ ಹೆಚ್ಚಾದರೆ ಸಿಡಿಯುತ್ತದೆ.

ಇನ್ನು ಮಂಗಳೂರಿನ ಮಳೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಈ ಊರಿನಲ್ಲಿ ಜೂನ್ ತಿಂಗಳಿಂದ ನಾಲ್ಕು ತಿಂಗಳು ಗಾಳಿಯೇ ಒದ್ದೆ. ಕಬ್ಬಿಣ ರಾತ್ರಿ ಬೆಳಗಾಗುವುದರೊಳಗೆ ತುಕ್ಕು ಹಿಡಿಯುತ್ತದೆ. ಕಾಗದ ಉಬ್ಬುತ್ತದೆ. ಆ ಕಾಲದ ಮಸಿಯುರುಳೆಗಳನ್ನು ಅಂಟು ಮತ್ತು ಕಾಕಂಬಿ ಕಾಯಿಸಿ ಎರಕ ಹೊಯ್ಯುತ್ತಿದ್ದರು. ಸೆಕೆಗೆ ಅವು ಕರಗುತ್ತವೆ, ತೇವಕ್ಕೆ ಜೋತುಬೀಳುತ್ತವೆ. ಯುರೋಪಿನಲ್ಲಿ ಯಂತ್ರ ಕೆಟ್ಟರೆ ಮಾಡಿದವನ ಬಾಗಿಲು ತಟ್ಟಬಹುದು. ಇಲ್ಲಿ ಒಂದು ತಿರುಪು ಮುರಿದರೆ ಅದರ ಜೋಡಿ ಸಮುದ್ರ ದಾಟಿ ಬರಬೇಕು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಆದುದರಿಂದ ಮಂಗಳೂರಿನಲ್ಲಿ ಅಚ್ಚುಕೂಟವನ್ನು ನಡೆಸುವುದೆಂದರೆ ಅರ್ಧ ಅಚ್ಚಿನ ಕೆಲಸ, ಅರ್ಧ ದುರಸ್ತಿಯ ಕೆಲಸ. ಮುರಿಯುವ ಮೊದಲೇ ಯಾವುದು ಮುರಿದೀತು ಎಂದು ಊಹಿಸಬೇಕು. ಒರೆಸುವುದು, ಎಣ್ಣೆ ಬಿಡುವುದು, ಸವೆದುದನ್ನು ಎತ್ತಿಡುವುದು, ಇದ್ದುದರಲ್ಲಿ ಹೊಸದನ್ನು ಹೊಂದಿಸುವುದು. ಇಂಥ ದಿನಚರಿಯನ್ನು ಯಾರೂ ವರದಿಯಲ್ಲಿ ಬರೆಯುವುದಿಲ್ಲ. ಕಿಟೆಲರ ನಿಘಂಟು 1894ರಲ್ಲಿ ಅದೇ ಅಚ್ಚುಕೂಟದಿಂದ ಹೊರಬಂದಾಗ ಎಪ್ಪತ್ತು ಸಾವಿರ ಪದಗಳ ಆ ಬೃಹದ್ಗ್ರಂಥದ ಹಿಂದೆ ನಾಲ್ಕು ದಶಕಗಳ ಇಂಥ ದಿನಚರಿ ಇತ್ತು.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯನ್ನು ವಾಚಕರು ಸಹಿಸಬೇಕು. ಹಿಂದೆ ನಾನಿದ್ದ ಒಂದು ಕಡೆ ನೀರೆತ್ತುವ ಪಂಪು ಕೆಟ್ಟಿತು. ಅದರ ಬಗ್ಗೆ ಒಂದು ಚೀಟಿ ಹೊರಟಿತು. ಆ ಚೀಟಿಯ ಮೇಲೆ ಒಬ್ಬರು ನೋಡಿದೆ ಎಂದು ಬರೆದರು, ಇನ್ನೊಬ್ಬರು ಸಂಬಂಧಪಟ್ಟವರಿಗೆ ಎಂದು ಬರೆದರು. ಮೂರನೆಯ ಸಹಿ ನನ್ನದು. ಎಂಟು ಸಹಿಗಳಾಗುವ ಹೊತ್ತಿಗೆ ಐದು ವಾರ ಕಳೆದಿತ್ತು. ಕಡೆಗೆ ತೋಟದ ಕೆಲಸದವನೊಬ್ಬ ಪಂಪನ್ನು ಬಿಚ್ಚಿ, ಒಳಗೆ ಸಿಕ್ಕಿಕೊಂಡಿದ್ದ ಬಟ್ಟೆಯ ಚೂರನ್ನು ಎಳೆದು ತೆಗೆದ. ಯಾರು ಹೇಳಿದರೆಂದು ಕೇಳಿದರೆ ಗಿಡಗಳು ಒಣಗುತ್ತಿದ್ದುವಲ್ಲ ಎಂದ. ಪಂಪು ಅವನದಲ್ಲ, ಗಿಡಗಳೂ ಅವನವಲ್ಲ. ಆದರೂ ಆ ಐದು ವಾರಗಳಲ್ಲಿ ಅವುಗಳ ಒಡೆಯನಾಗಿದ್ದವನು ಅವನೊಬ್ಬನೇ ಎಂದು ನನಗೆ ನಾಚಿಕೆಯೊಡನೆ ಹೊಳೆಯಿತು. ಪ್ಲೆಬ್ಸ್ಟರ ವಿಷಯವನ್ನು ಓದುವಾಗಲೆಲ್ಲ ಆ ತೋಟದವನ ಮುಖ ಕಣ್ಣಮುಂದೆ ಬರುತ್ತದೆ.

ಅಚ್ಚುಕೂಟದ ಮನುಷ್ಯ ಹಂಚಿಗೆ ಬಂದುದು ಹೇಗೆ? ಮಿಶನ್ನಿಗೆ ಆಗ ಒಂದು ದೊಡ್ಡ ಚಿಂತೆ ಇತ್ತು. ಮತಾಂತರ ಹೊಂದಿದವರು ಮನೆ, ಜಾತಿ, ಕುಲಕಸುಬು, ಕೆಲವೊಮ್ಮೆ ಗೇಣಿಯ ಗದ್ದೆಯನ್ನೂ ಕಳೆದುಕೊಂಡು ಬರುತ್ತಿದ್ದರು. ಅವರ ಹೊಟ್ಟೆಗೆ ದಾರಿ ಬೇಕಾಗಿತ್ತು. ಗಡಿಯಾರದ ಕೆಲಸ, ಬಡಗಿಯ ಕೆಲಸ ಎಂದು ಹಲವನ್ನು ಹಚ್ಚಿನೋಡಿದರು. ನೇಯ್ಗೆಯೊಂದು ನಿಂತಿತು, ಉಳಿದವು ಬಹುಮಟ್ಟಿಗೆ ಬಿದ್ದುಹೋದವು. ಗಡಿಯಾರ ಕೊಳ್ಳುವವರು ಆ ಊರಿನಲ್ಲಿ ಎಷ್ಟು ಮಂದಿ ಇದ್ದಾರು? ಹೊರಗಿನಿಂದ ತಂದ ಕಸುಬಿಗೆ ನೆಲದಲ್ಲಿ ಬೇರಿರಲಿಲ್ಲ.

ಅಚ್ಚುಕೂಟದ ಯಂತ್ರಗಳನ್ನು ನೋಡಿಕೊಳ್ಳುವುದಷ್ಟೆ ತನ್ನ ಕೆಲಸ, ಜನರ ಹೊಟ್ಟೆಯ ಚಿಂತೆ ಬೇರೆಯವರದು ಎಂದು ಪ್ಲೆಬ್ಸ್ಟರು ಸುಮ್ಮನಿರಬಹುದಾಗಿತ್ತು. ಅವರು ಸುಮ್ಮನಿರಲಿಲ್ಲ. ಸ್ವದೇಶಕ್ಕೆ ಹೋದಾಗ, ವಿಶ್ರಾಂತಿಯ ಕಾಲದಲ್ಲಿ, ಕುಂಬಾರಿಕೆಯ ವಿದ್ಯೆಯನ್ನು ಕಲಿತರು. ಹಲವು ವರ್ಷ ಕಬ್ಬಿಣದೊಡನೆ ಬಾಳಿದವರು ಮಣ್ಣಿಗೆ ಕೈಯಿಟ್ಟು ಹೊಸದಾಗಿ ಶಿಷ್ಯರಾದುದು ಸಣ್ಣ ಮಾತಲ್ಲ. ಮಂಗಳೂರಿಗೆ ಹಿಂದಿರುಗಿ ಹೊಳಪಿನ ಲೇಪ ಕೊಟ್ಟ ಪಾತ್ರೆಗಳನ್ನು ಮಾಡಲು ಹೊರಟರು. ಅದು ಕೈಗೂಡಲಿಲ್ಲ. ಲೇಪಕ್ಕೆ ತಗಲುವ ವೆಚ್ಚ ಪಾತ್ರೆಯ ಬೆಲೆಯನ್ನು ಮೀರಿತು.

ಈ ಸೋಲಿನ ಬಳಿ ನಾನು ಸ್ವಲ್ಪ ಹೊತ್ತು ನಿಲ್ಲಬಯಸುತ್ತೇನೆ. ಛಲವೆಂದರೆ ಹಿಡಿದುದನ್ನು ಬಿಡದಿರುವುದು ಎಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ದುರಸ್ತಿಯ ಕೆಲಸ ಬಲ್ಲವರ ಛಲ ಬೇರೆ ಬಗೆಯದು. ಯಂತ್ರ ನಿಂತಾಗ ಅವರು ಇಡೀ ಯಂತ್ರವನ್ನು ದೂಷಿಸುವುದಿಲ್ಲ; ಯಾವ ಭಾಗ ಸರಿಯಿದೆ, ಯಾವುದು ಕೆಟ್ಟಿದೆ ಎಂದು ಬೇರ್ಪಡಿಸುತ್ತಾರೆ. ಪ್ಲೆಬ್ಸ್ಟರ ಪ್ರಯೋಗದಲ್ಲಿ ಕೆಟ್ಟದ್ದು ಲೇಪದ ಲೆಕ್ಕ. ಮಣ್ಣು ಕೆಟ್ಟಿರಲಿಲ್ಲ. ನೇತ್ರಾವತಿ ಗುರುಪುರ ಹೊಳೆಗಳ ದಡದ ಆವೆಮಣ್ಣು ನಯವಾಗಿ, ಜಿಗುಟಾಗಿ, ಬೆಂಕಿಗೆ ಗಟ್ಟಿಯಾಗಿ ಕೆಂಪೇರುವಂಥದು. ಲೇಪ ಬೇಡದ, ಆದರೆ ಊರಿಗೆಲ್ಲ ಬೇಕಾದ ವಸ್ತು ಯಾವುದು? ಮೇಲೆ ನೋಡಿದರೆ ಉತ್ತರ ಕಾಣುತ್ತಿತ್ತು. ಬಹುಪಾಲು ಮನೆಗಳಿಗೆ ಮುಳಿಹುಲ್ಲಿನ ಇಲ್ಲವೆ ಮಡಲಿನ ಮಾಡು. ವರ್ಷವರ್ಷವೂ ಹೊದೆಸಬೇಕು, ಬೇಸಿಗೆಯಲ್ಲಿ ಒಂದು ಕಿಡಿ ಬಿದ್ದರೆ ಸಾಲುಮನೆಗಳೇ ಬೂದಿ. ಉಳ್ಳವರ ಮನೆಗೆ ನಾಡಹಂಚು. ಕುಂಬಾರರು ಕೈಯಲ್ಲಿ ಮಾಡುತ್ತಿದ್ದ ಆ ಬಾಗುಹಂಚು ಚೆಂದವೇ ಸರಿ. ಆದರೆ ಒಂದರ ಮೇಲೊಂದು ಸುಮ್ಮನೆ ಮಲಗಿರುವುದರಿಂದ ಕಾಗೆ ಕೂತರೆ ಜಾರುತ್ತದೆ, ಮಂಗ ಹಾರಿದರೆ ಒಡೆಯುತ್ತದೆ, ಎರಡು ಪದರ ಹಾಸಿದರೆ ಮರಮುಟ್ಟಿಗೆ ಭಾರ.

1865ರಲ್ಲಿ ಜೆಪ್ಪುವಿನಲ್ಲಿ, ನೇತ್ರಾವತಿಯ ದಡಕ್ಕೆ ಹತ್ತಿರ, ಮೋರ್ಗನ್ಸ್ ಗೇಟಿನ ಬಳಿ ಹಂಚಿನ ಕಾರ್ಖಾನೆ ಶುರುವಾಯಿತು. ಆ ಜಾಗದಲ್ಲಿ ನಿಂತು ನೋಡಿದರೆ ಅದನ್ನು ಆರಿಸಿದ ಬುದ್ಧಿ ತಿಳಿಯುತ್ತದೆ. ಮಣ್ಣು ದೋಣಿಯಲ್ಲಿ ಬರುತ್ತದೆ, ಸೌದೆಯೂ ದೋಣಿಯಲ್ಲೇ ಇಳಿದು ಬರುತ್ತದೆ, ಬೆಂದ ಹಂಚು ಅಳಿವೆಯ ಕಡೆಗೆ ಸಾಗಿ ಹಡಗನ್ನೇರುತ್ತದೆ. ಆರಂಭ ಸಣ್ಣದು: ಮಣ್ಣು ಹದಮಾಡಲು ಎತ್ತುಗಳು, ಕೈಯಿಂದ ತಿರುಗಿಸುವ ಒತ್ತುಯಂತ್ರ, ಬೆರಳೆಣಿಕೆಯ ಆಳುಗಳು, ದಿನಕ್ಕೆ ಐನೂರು ಚಿಲ್ಲರೆ ಹಂಚುಗಳು.

ಕೆಲಸದ ಕ್ರಮವನ್ನು ನಮ್ಮ ಫಿಟ್ಟರಜ್ಜ ನನಗೆ ಒಂದು ಸಂಜೆ ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಗೀಚಿ ತೋರಿಸಿದರು. ಮಣ್ಣನ್ನು ರಾಶಿಹಾಕಿ ನೀರೂಡಿಸಿ ಕೊಳೆಯಿಸಬೇಕು. ಅರೆಯುವ ಯಂತ್ರದಲ್ಲಿ ಹಾದು ಬಂದ ಮಣ್ಣನ್ನು ತಂತಿಯಿಂದ ಹಲಗೆಯಂತೆ ಕತ್ತರಿಸಬೇಕು. ಎಣ್ಣೆ ಸವರಿದ ಕೆಳಗಿನ ಅಚ್ಚಿನ ಮೇಲೆ ಅದನ್ನಿಟ್ಟು ಮೇಲಿನ ಅಚ್ಚನ್ನು ತಿರುಪಿನಿಂದ ಇಳಿಸಿ ಒತ್ತಬೇಕು. ಅಂಚು ಕೊಯ್ದು, ನೆರಳಿನಲ್ಲಿ ಅಟ್ಟಣಿಗೆಗಳ ಮೇಲೆ ಹಲವು ದಿನ ಒಣಗಿಸಬೇಕು, ಬಿಸಿಲಿಗಿಟ್ಟರೆ ಸೊಟ್ಟಗಾಗುತ್ತದೆ. ಬಳಿಕ ಭಟ್ಟಿ. ಅಲ್ಲಿ ಹಗಲಿರುಳು ಸೌದೆಯುಣಿಸಿ ಒಂಬೈನೂರು ಡಿಗ್ರಿಯ ಆಸುಪಾಸಿಗೆ ಕಾವನ್ನು ಮೆಲ್ಲಗೆ ಏರಿಸಿ, ಮೆಲ್ಲಗೆ ಇಳಿಸಬೇಕು. ಒಣಗಿ ಬೇಯುವಷ್ಟರಲ್ಲಿ ಹಂಚು ಸುಮಾರು ಹತ್ತರಲ್ಲೊಂದು ಪಾಲು ಕುಗ್ಗುತ್ತದೆ. ಆದುದರಿಂದ ಅಚ್ಚನ್ನು ಆ ಲೆಕ್ಕಕ್ಕೆ ಹಿಗ್ಗಿಸಿ ಕೆತ್ತಬೇಕು. ಅಚ್ಚು ಕೂದಲೆಳೆಯಷ್ಟು ಸವೆದರೂ ಒಂದು ಹಂಚಿನ ತುಟಿ ಇನ್ನೊಂದರ ಕಾಲುವೆಗೆ ಕೂಡುವುದಿಲ್ಲ. ಕೂಡದಿದ್ದರೆ ಆ ಸಂದಿನಲ್ಲಿ ಮಳೆ ಒಳಗಿಳಿಯುತ್ತದೆ. ಅಜ್ಜ ತಮ್ಮ ಮೂವತ್ತು ವರ್ಷಗಳಲ್ಲಿ ಮಾಡಿದುದು ಬಹುಪಾಲು ಇದನ್ನೇ. ಬೆಳಗ್ಗೆ ಗಂಟೆ ಬಾರಿಸುವ ಮುಂಚೆ ಹೋಗಿ ತಿರುಪನ್ನು ಒರೆಸಿ, ಅಚ್ಚಿನ ಅಂಚನ್ನು ಉಗುರಿನಿಂದ ತಡವಿ ನೋಡುವುದು. ಆ ಒತ್ತುಯಂತ್ರವನ್ನು ಅವರು ಇಂದಿಗೂ ನನ್ನ ಮಿಶನ್ನು ಎನ್ನುತ್ತಾರೆ. ನಮ್ಮ ಊರಿನ ಬಾಯಲ್ಲಿ ಯಂತ್ರಕ್ಕೂ ಪಾದ್ರಿಗಳ ಸಂಸ್ಥೆಗೂ ಉಚ್ಚಾರ ಒಂದೇ. ಅವರು ಯಾವುದನ್ನು ಹೇಳುತ್ತಿದ್ದಾರೆಂದು ತಿಳಿಯದೆ ನಾನು ಒಮ್ಮೆ ಪೇಚಿಗೆ ಸಿಕ್ಕಿದ್ದುಂಟು.

ಒಂದಕ್ಕೊಂದು ಕೊಂಡಿಹಾಕಿಕೊಳ್ಳುವ ಹಂಚಿನ ಕಲ್ಪನೆ ಪ್ಲೆಬ್ಸ್ಟರ ಸ್ವಂತದ್ದಲ್ಲ. ಬಾಸೆಲಿಗೆ ಸಮೀಪದ ಅಲ್ಸೇಸ್ ಪ್ರಾಂತದ ಆಲ್ಟ್‌ಕಿರ್ಷ್ ಎಂಬಲ್ಲಿ ಗಿಲಾರ್ಡೋನಿ ಸಹೋದರರು 1841ರಲ್ಲೇ ಅಂಥ ಹಂಚಿಗೆ ಹಕ್ಕುಪತ್ರ ಪಡೆದಿದ್ದರು. ಮಂಗಳೂರಿನಲ್ಲಿ ಆದುದು ಅದನ್ನು ಈ ಮಣ್ಣಿಗೆ, ಈ ಸೌದೆಗೆ, ಈ ಮಳೆಗೆ, ಈ ಕೈಗಳಿಗೆ ಹೊಂದಿಸುವ ಕೆಲಸ. ಹೊಂದಿಸುವುದು ಕಂಡುಹಿಡಿಯುವುದಕ್ಕಿಂತ ಕೀಳೆಂದು ಭಾವಿಸುವವರು ಒಂದು ಹಳೆಯ ಯಂತ್ರವನ್ನು ಒಂದು ಮಳೆಗಾಲ ನಡೆಸಿನೋಡಲಿ. ಎರಡು ಮೂರು ಕಿಲೋ ತೂಗುವ, ಪಕ್ಕಾಸು ರೀಪುಗಳ ಮೇಲೆ ಒಂದೇ ಪದರದಲ್ಲಿ ಕೂಡುವ, ನೂರು ಚದರ ಅಡಿಗೆ ಸುಮಾರು ನೂರೈವತ್ತು ಸಾಕಾಗುವ ಆ ಹಂಚು ಊರಿನ ಹೆಸರನ್ನೇ ಹೊತ್ತು ಮಂಗಳೂರು ಹಂಚಾಯಿತು. ಸಿಂಹಳಕ್ಕೂ ಪೂರ್ವ ಆಫ್ರಿಕಕ್ಕೂ ಹೋಯಿತು.

ಕಲಿತ ವಿದ್ಯೆ ಒಂದು ಬೇಲಿಯೊಳಗೆ ನಿಲ್ಲಲಿಲ್ಲ. ಕೆಲವೇ ವರ್ಷಗಳಲ್ಲಿ ಆಲ್ಬುಕರ್ಕ್ ಮನೆತನದವರಂಥ ಸ್ಥಳೀಯರೂ ಹಂಚು ಮಾಡತೊಡಗಿದರು. ಮುಂದೆ ಹೊಳೆಯ ಎರಡೂ ದಡಗಳಲ್ಲಿ ಹತ್ತಾರು ಹೊಗೆಗೊಳವೆಗಳೆದ್ದವು. ಮಿಶನ್ನಿನವರು ತಾವೂ ಕೋಜಿಕೋಡಿನಲ್ಲಿ, ಕುದ್ರೋಳಿಯಲ್ಲಿ, ಮಲ್ಪೆಯಲ್ಲಿ ಕಾರ್ಖಾನೆಗಳನ್ನು ತೆರೆದರು. ಯಂತ್ರಗಳು ಹೆಚ್ಚಿದಂತೆ ಅವುಗಳ ದುರಸ್ತಿಗೂ ತಯಾರಿಗೂ ಮಂಗಳೂರಿನಲ್ಲೇ ಒಂದು ಯಂತ್ರಶಾಲೆ ಏರ್ಪಟ್ಟಿತು. ಒಂದು ತಿರುಪಿಗಾಗಿ ಹಡಗಿನ ದಾರಿ ಕಾಯುತ್ತಿದ್ದ ಊರಿನಲ್ಲಿ ಈಗ ತಿರುಪು ಕಡೆಯುವವರು ಹುಟ್ಟಿದ್ದರು.

ಇದೆಲ್ಲ ಹಾಡಿಹೊಗಳುವ ಕತೆಯೇ ಎಂದು ಕೇಳುವವರಿದ್ದಾರೆ, ಕೇಳಬೇಕಾದದ್ದೇ. ಅನ್ನ ಕೊಡುವವರೂ ಪ್ರಾರ್ಥನೆ ಮಾಡಿಸುವವರೂ ಒಬ್ಬರೇ ಆದಾಗ ಕೆಲಸಗಾರನ ಸ್ವಾತಂತ್ರ್ಯ ಎಷ್ಟು ಉಳಿದೀತು? ಗಂಟೆಯ ಶಿಸ್ತು ಗದ್ದೆಯ ಬಾಳಿಗೆ ಹೊಸದು, ಕಠಿನವೂ ಹೌದು. ಹೆಂಗಸರು ತಲೆಯ ಮೇಲೆ ಹೊತ್ತ ಹಸಿಹಂಚಿನ ಭಾರಕ್ಕೆ ಲೆಕ್ಕವಿಲ್ಲ. ಭಟ್ಟಿಗಳು ನುಂಗಿದ ಕಾಡು ಎಷ್ಟು, ಮಣ್ಣು ತೆಗೆದು ಹೊಂಡವಾದ ಗದ್ದೆಗಳೆಷ್ಟು! ನಾಡಹಂಚಿನ ಕುಂಬಾರರ ಗತಿ ಏನಾಯಿತೆಂಬುದೂ ನನ್ನನ್ನು ಕಾಡುವ ಪ್ರಶ್ನೆ. ಹುಲ್ಲುಮಾಡಿನ ಬೆಂಕಿಗೆ ಅಂಜಿದವರಿಗೆ ಅಂಜಿಕೆ ತಪ್ಪಿತೆಂಬುದು ಎಷ್ಟು ನಿಜವೋ ಇವೂ ಅಷ್ಟೇ ನಿಜ.

ಒಡೆತನದ ಕತೆಯಂತೂ ವಿಚಿತ್ರ. ಕಾರ್ಖಾನೆ ಪ್ಲೆಬ್ಸ್ಟರದಾಗಿರಲಿಲ್ಲ, ಮಿಶನ್ನಿನ ಉದ್ಯಮವಾಗಿತ್ತು. ಮೊದಲನೆಯ ಮಹಾಯುದ್ಧ ಬಂದಾಗ ಜರ್ಮನ್ ಸಂಬಂಧವೆಂಬ ಕಾರಣದಿಂದ ಆ ಉದ್ಯಮಗಳು ಬ್ರಿಟಿಷ್ ಸರಕಾರದ ವಶವಾದವು. ಬಳಿಕ ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಫಲಕ ಬದಲಾಯಿತು, ಲೆಕ್ಕಪುಸ್ತಕ ಬದಲಾಯಿತು, ದೊರೆಗಳು ಬದಲಾದರು. ಅಚ್ಚನ್ನು ಉಗುರಿನಿಂದ ತಡವಿ ನೋಡುವವರು ಅವರೇ ಉಳಿದರು, ಅವರ ಮಕ್ಕಳು ಉಳಿದರು. ಆಮೇಲೆ ಕಾಂಕ್ರೀಟಿನ ತಾರಸಿ ಬಂತು, ಮಣ್ಣು ದುರ್ಲಭವಾಯಿತು, ಸೌದೆ ದುಬಾರಿಯಾಯಿತು. ಹೊಳೆಯ ದಡದ ಹೊಗೆಗೊಳವೆಗಳು ಒಂದೊಂದಾಗಿ ತಣ್ಣಗಾದವು. ಅಜ್ಜನ ಕಾರ್ಖಾನೆ ಮುಚ್ಚಿದ ದಿನ ಅವರು ಮಾಡಿದುದನ್ನು ಅವರ ಮೊಮ್ಮಗ ನನಗೆ ಹೇಳಿದ. ಅಜ್ಜ ತಾವಾಗಿ ಹೇಳುವವರಲ್ಲ. ಲೆಕ್ಕ ಚುಕ್ತಾ ಮಾಡಿಸಿಕೊಂಡು ಎಲ್ಲರೂ ಹೊರಟ ಮೇಲೆ ಅವರು ಹಿಂದಿರುಗಿ ಹೋಗಿ, ಇನ್ನು ಯಾರೂ ತಿರುಗಿಸದ ಆ ತಿರುಪನ್ನು ಒರೆಸಿ, ತುಕ್ಕು ಹಿಡಿಯದಂತೆ ಎಣ್ಣೆ ಸವರಿ ಬಂದರಂತೆ.

ತೊಳೆದ ಆ ಹಂಚನ್ನು ನನ್ನ ಪುಸ್ತಕದ ಕಪಾಟಿನಲ್ಲಿ, ಕಿಟೆಲರ ನಿಘಂಟಿನ ಪಕ್ಕದಲ್ಲಿ ಇಡಬೇಕೆಂದು ನಾನು ಎತ್ತಿಟ್ಟಿದ್ದೆ. ಎರಡೂ ಒಂದೇ ಮನೆಯ ಮಕ್ಕಳಲ್ಲವೆ? ಅಜ್ಜ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ತಟ್ಟಿ ನೋಡಿದರು. ದನಿ ಕಂಚಿನಂತಿತ್ತು. ಇದು ಇನ್ನೂ ಕೆಲಸಕ್ಕೆ ಬರುತ್ತದೆ ಮಾಷ್ಟ್ರೇ ಎಂದು ಮೊಮ್ಮಗನ ಕೈಗೆ ಕೊಟ್ಟು, ಅಡುಗೆಮನೆಯ ಮೇಲಿನ ಮೂರನೆಯ ಸಾಲಿನಲ್ಲಿ ಕೂಡಿಸಿದರು. ಜೂನ್ ಮೊದಲ ವಾರ ಮಳೆ ಹಿಡಿಯಿತು. ಹಿಂದಿನ ವರ್ಷ ಅದೇ ಜಾಗದಲ್ಲಿ ನಾವು ಪಾತ್ರೆ ಇಡುತ್ತಿದ್ದೆವು.